ಕಲ್ಕತ್ತದಲ್ಲಿ ಪಾಠ ಮುಗಿಯದ ಭಾನುವಾರ

ಹೌರಾ

ಕಲ್ಕತ್ತ ಪರದೇಶವಲ್ಲ. ಅಲ್ಲಿಗೆ ಹೋಗಲು ಪಾಸ್‌ಪೋರ್ಟು ಬೇಡ, ಹಡಗು ಹತ್ತಬೇಕಾಗಿಲ್ಲ. ಆದರೆ ಧಾರವಾಡ ಬಿಟ್ಟು ಆಚೆ ಸೊಲ್ಲಾಪುರವನ್ನು ಮಾತ್ರ ಕಂಡಿದ್ದ ನನಗೆ, ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿದ್ದ ಆ ಬೇಸಿಗೆಯಲ್ಲಿ, ಅದಕ್ಕಿಂತ ದೂರದ ದೇಶ ಇರಲಿಲ್ಲ. ಮದರಾಸಿನಲ್ಲಿ ಮೇಲ್ ಗಾಡಿ ಹತ್ತಿದಾಗ ಎದುರು ಸೀಟಿನಲ್ಲಿದ್ದ ತೆಲುಗು ಗೃಹಸ್ಥರು ನಾನು ಎಲ್ಲಿಗೆ ಹೊರಟಿದ್ದೇನೆಂದು ಕೇಳಿ, ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಒಂದು ಹೊತ್ತು ಊಟವಾಗುವವರೆಗೆ ಅವರು ಕಲ್ಕತ್ತದ ಮಾತೇ ಎತ್ತಲಿಲ್ಲ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಗೋಡೆಯ ಮೇಲೆ ಬರೆದದ್ದನ್ನು ನಿಂತು ಓದಬೇಡಿ, ಅಮ್ಮ. ಓದುವವರನ್ನು ಇಬ್ಬರೂ ನೋಡುತ್ತಿರುತ್ತಾರೆ, ಬರೆದವರೂ, ಪೊಲೀಸರೂ" ಎಂದರು. ಬಾಂಬು, ಚೂರಿ, ಓಣಿಗಳಲ್ಲಿ ಮನೆಮನೆ ಹೊಕ್ಕು ಹುಡುಗರನ್ನು ಎಳೆದೊಯ್ಯುವುದು, ಇವನ್ನೆಲ್ಲ ನಾನೂ ಪೇಪರಿನಲ್ಲಿ ಓದಿದ್ದೆ. ಆದರೆ ಊಟ ಮಾಡಿ ಕೈತೊಳೆದ ಮನುಷ್ಯ ಅದನ್ನು ಮಾಮೂಲಿ ದನಿಯಲ್ಲಿ ಹೇಳಿದಾಗ ನಾನು ನನ್ನ ಬುತ್ತಿಯನ್ನು ಬಿಚ್ಚದೆ ಹಾಗೆಯೇ ಒಳಗಿಟ್ಟೆ.

ನಾನು ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಕಲ್ಕತ್ತದಲ್ಲಿ ನೆಲೆಸಿದ್ದ ನಮ್ಮ ಕಡೆಯವರು, ಬಹುಪಾಲು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ತಮ್ಮ ಮಕ್ಕಳಿಗಾಗಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದರು. ಅದಕ್ಕೊಂದು ಸರಿಯಾದ ಪಠ್ಯಕ್ರಮ ಮಾಡಿಕೊಡಿ, ರಜೆಯಲ್ಲಿ ಬಂದು ಕೆಲವು ಭಾನುವಾರ ಪಾಠವನ್ನೂ ಮಾಡಿ ತೋರಿಸಿ ಎಂದು ಕರೆಸಿದ್ದರು. ಒಪ್ಪಿಕೊಂಡಾಗ ಖುಷಿಯಾಗಿತ್ತು. ಗಾಡಿ ಖರಗಪುರ ದಾಟಿದ ಮೇಲೆ ಯಾಕಾದರೂ ಒಪ್ಪಿಕೊಂಡೆನೋ ಅನ್ನಿಸತೊಡಗಿತು.

ಹೌರಾ ನಿಲ್ದಾಣದಲ್ಲಿ ಇಳಿದು ಜನದ ಮಧ್ಯೆ ನಿಂತಿದ್ದೆ. ಬೆನ್ನ ಹಿಂದೆ ಢಂ ಎಂದು ಸದ್ದಾಯಿತು. ನಾನು ಎರಡೂ ಕಿವಿ ಮುಚ್ಚಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಕಣ್ಣು ಬಿಟ್ಟಾಗ ಕೊಡೆ ಹಿಡಿದ ತೆಳ್ಳನೆಯ ಗೃಹಸ್ಥರೊಬ್ಬರು ಬಗ್ಗಿ ನಿಂತಿದ್ದರು.

"ಕೂಲಿಯವ ಟ್ರಂಕ್ ಬೀಳ್ಸಿದ್ದ್ ಅಕ್ಕ. ಹೆದ್ರ್‌ಬೇಡಿ. ನಾನು ಗೋಪಾಲ ಐತಾಳ."

ನಾನು ಉಳಿದುಕೊಳ್ಳಬೇಕಾಗಿದ್ದದ್ದು ಇವರ ಮನೆಯಲ್ಲೇ. ಕುಂದಾಪುರದ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ನಾಚಿಕೆಯಿಂದ ಎದ್ದು ಸೀರೆ ಕೊಡವಿಕೊಂಡೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಒಬ್ಬ ಹೆಂಗಸು ಹೀಗೆ ಕೂತಿದ್ದರೆ ಸುತ್ತಲಿನವರೆಲ್ಲ ನಕ್ಕುಬಿಡುತ್ತಿದ್ದರು. ಇಲ್ಲಿ ಒಬ್ಬರೂ ನಗಲಿಲ್ಲ. ಟ್ರಂಕಿನ ಸದ್ದಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಅದು.

ಲೇಕ್ ಮಾರ್ಕೆಟ್

ಐತಾಳರ ಮನೆ ಲೇಕ್ ಮಾರ್ಕೆಟ್ಟಿನ ಹಿಂದೆ, ಎರಡನೆಯ ಮಹಡಿ. ಕೆಳಗಿನ ಅಂಗಡಿಗಳಲ್ಲಿ ಕರಿಬೇವು, ಬಾಳೆಲೆ, ಹುರಿದು ಪುಡಿ ಮಾಡಿದ ಕಾಫಿ ಎಲ್ಲ ಸಿಗುತ್ತಿತ್ತು. ಕಾಫಿಯ ವಾಸನೆ ಮೂಗಿಗೆ ಬಡಿದಾಗ ಒಂದು ಗಳಿಗೆ ಧೈರ್ಯ ಬಂತು. ತಲೆ ಎತ್ತಿದರೆ ಎದುರಿನ ಗೋಡೆಯ ಉದ್ದಕ್ಕೂ ಡಾಂಬರಿನಲ್ಲಿ ಬರೆದ ದಪ್ಪ ಬಂಗಾಳಿ ಅಕ್ಷರ. ತೆಲುಗು ಗೃಹಸ್ಥರ ಮಾತು ನೆನಪಾಗಿ ಓದಲು ಬಾರದ ಆ ಅಕ್ಷರಗಳಿಂದಲೂ ಮುಖ ತಿರುಗಿಸಿದೆ.

ಐತಾಳರ ಹೆಂಡತಿ ಜಲಜಾಕ್ಷಿ ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಬಿ.ಎ. ಓದಿದವಳು. ಮೊದಲ ದಿನವೇ ನನಗೆ ಮನೆಯ ನಿಯಮ ಹೇಳಿದಳು. "ಸದ್ದ್ ಕೇಂಡ್ರೆ ಕಿಟ್ಕಿ ಹತ್ರ ಹೋಪುದ್ ಬ್ಯಾಡ ಅಕ್ಕ. ಕತ್ತಲಾಪುಕ್ ಮುಂಚೆ ಮನೆ ಒಳಗೆ ಇರ್ಕ್. ಯಾರಾದ್ರೂ ಬಾಗ್ಲ್ ಬಡ್ದ್ರೆ ನಾನೇ ಹೋಗಿ ನೋಡ್ತೆ." ಇಷ್ಟನ್ನೂ ಅವಳು ದೋಸೆ ಹುಯ್ಯುತ್ತ ಹೇಳಿದಳು.

ಆ ಊರಿನವರ ರೂಢಿಗಳನ್ನು ನೋಡುತ್ತ ಕೂರುವುದೇ ನನಗೆ ಭಯ ಮರೆಯುವ ದಾರಿಯಾಗಿತ್ತು. ಅವರು ನೀರನ್ನು ಕುಡಿಯುವುದಿಲ್ಲ, 'ತಿನ್ನುತ್ತಾರೆ'. ಕೆಳಗಿನ ಮನೆಯಾಕೆ ನನ್ನನ್ನು 'ಜೋಲ್ ಖಾಬೇನ್?' ಎಂದು ಕೇಳಿದಾಗ ನಾನು ತಿಂಡಿ ಬರುತ್ತದೆಂದು ಕಾದು ಕೂತೆ. ಬಂದದ್ದು ಒಂದು ಲೋಟ ನೀರು. ಆದರೆ ಮನೆಯಿಂದ ಹೊರಡುವಾಗ ಅವರೂ ನಮ್ಮಂತೆಯೇ 'ಬರುತ್ತೇನೆ' ಎನ್ನುತ್ತಾರೆ, 'ಹೋಗುತ್ತೇನೆ' ಎನ್ನುವುದಿಲ್ಲ. ನಾವು ಧಾರವಾಡದಲ್ಲಿ 'ಬರತೇನ್ರಿ' ಅನ್ನುವಾಗ ಅದರ ಅರ್ಥವನ್ನು ಯಾರೂ ಯೋಚಿಸುವುದಿಲ್ಲ. ಕೆಳಗಿನ ಮನೆಯ ಕಾಲೇಜು ಓದುವ ಹುಡುಗ ಬೆಳಿಗ್ಗೆ 'ಆಶ್ಛಿ, ಮಾ' ಎಂದು ಹೊರಟಾಗ ಅವನ ತಾಯಿ ಅವನು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಐತಾಳರ ಮಗಳು ವೀಣಾ, ಒಂಬತ್ತು ವರ್ಷದವಳು, ಎರಡನೆಯ ಪುಸ್ತಕ 'ಮುಗಿಸಿದ್ದಳು'. ಮುಗಿಸುವುದು ಎಂಬ ಮಾತನ್ನು ನಾನು ಅಲ್ಲಿ ಕೇಳಿದಷ್ಟು ಬೇರೆಲ್ಲೂ ಕೇಳಿಲ್ಲ. ನಾನು ಬಂದ ಸಂಜೆಯೇ ಸಂಘದ ಅಧ್ಯಕ್ಷರಾದ ಸುಬ್ಬರಾಯರು ಬಂದರು. ಮೈಸೂರಿನವರು, ರೈಲ್ವೆ ಕಚೇರಿಯಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಪಂಚೆ, ಒಳ್ಳೆಯ ಕಂಠ. "ನೋಡಿಮ್ಮ, ವರ್ಷಕ್ಕೊಂದು ಪುಸ್ತಕದಂತೆ ಮೂರು ವರ್ಷಕ್ಕೆ ಮೂರು ಪುಸ್ತಕ ಮುಗಿದುಬಿಡಬೇಕು. ಯಾವ ತಿಂಗಳು ಯಾವ ಪಾಠ ಅಂತ ಬರೆದುಕೊಟ್ಟುಬಿಡಿ, ಸಾಕು. ಅದೇ ಪಠ್ಯಕ್ರಮ" ಎಂದರು. ನಾನೂ ಹೆಚ್ಚು ಯೋಚಿಸದೆ ತಲೆ ಆಡಿಸಿದೆ. ನಮ್ಮ ತರಬೇತಿ ಶಾಲೆಯಲ್ಲೂ ಪಠ್ಯಕ್ರಮವೆಂದರೆ ಅದೇ.

ಅವರು ಹೇಳಿದ್ದಕ್ಕೆ ವೀಣಾ ಪದ್ಯ ಒಪ್ಪಿಸಿದಳು. ಉದ್ದದ ಪದ್ಯ, ಒಂದು ಅಕ್ಷರ ತಪ್ಪಲಿಲ್ಲ. ಐತಾಳರ ಮುಖ ಅರಳಿತು. ಸುಬ್ಬರಾಯರು ಹೋದ ಮೇಲೆ ನಾನು ಅವಳನ್ನು ಹತ್ತಿರ ಕೂರಿಸಿಕೊಂಡು, "ಪದ್ಯದಲ್ಲಿ ಹೊಲ ಅಂತ ಬರುತ್ತದಲ್ಲ, ಹೊಲ ನೋಡಿದ್ದೀಯಾ?" ಎಂದೆ.

"ಹೂಂ."

"ಎಲ್ಲಿ?"

"ಹೂಂ."

ನನಗೆ ಅನುಮಾನ ಬಂತು. "ನಿನ್ನ ತಲೆಯ ಮೇಲೆ ಆನೆ ಕೂತಿದೆಯೇನು?"

"ಹೂಂ" ಎಂದಳು ವೀಣಾ, ಬಹಳ ವಿನಯದಿಂದ.

ನಾನು ನಕ್ಕೆ. ಒಳಗೆ ಅಡುಗೆಮನೆಯಿಂದ ಜಲಜಾಕ್ಷಿ ಇಣುಕಿ ನೋಡಿದಳು. ಅವಳು ನಗಲಿಲ್ಲ.

ಭಾನುವಾರ

ತರಗತಿ ನಡೆಯುತ್ತಿದ್ದದ್ದು ಎರಡು ಓಣಿ ಆಚೆ, ಒಂದು ಹಳೆಯ ಮನೆಯ ಕೆಳಗಿನ ಮುಂಕೋಣೆಯಲ್ಲಿ. ಹತ್ತು-ಹನ್ನೆರಡು ಮಕ್ಕಳು. ತಂದೆತಾಯಿಗಳು ಅವರನ್ನು ಬಿಟ್ಟು ಮಾರ್ಕೆಟ್ಟಿಗೆ ಹೋಗಿ, ಮುಗಿಯುವ ಹೊತ್ತಿಗೆ ಬಂದು ಕರೆದೊಯ್ಯುತ್ತಿದ್ದರು. ಸುಬ್ಬರಾಯರು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಆರು ವರ್ಷದ ಮೊಮ್ಮಗಳು ಮಾಲಿನಿ ಮೊದಲ ಸಾಲಿನಲ್ಲಿದ್ದಳು. ಸೆಕೆ ವಿಪರೀತ. ಗಾಳಿಗಾಗಿ ಬೀದಿ ಬಾಗಿಲು ತೆಗೆದೇ ಇತ್ತು. ವೀಣಾ ಬಾಗಿಲ ಪಕ್ಕದಲ್ಲಿ ಕೂತಿದ್ದಳು.

ಪರಊರಿನ ಮಕ್ಕಳೆಂದು ನಾನು ಪುಸ್ತಕದ ಭಾಷೆಯಲ್ಲೇ ಜಾಗರೂಕತೆಯಿಂದ ಮಾತಾಡುತ್ತಿದ್ದೆ. 'ಎದ್ದು ನಿಲ್ಲಿ', 'ಕುಳಿತುಕೊಳ್ಳಿ', 'ಪುಸ್ತಕವನ್ನು ತೆರೆಯಿರಿ'. ಮಕ್ಕಳು ಒಂದೇ ದನಿಯಲ್ಲಿ ಓದಿದರು. ಒಂದು ಪಾಠ ಮುಗಿಯಿತು. ಸುಬ್ಬರಾಯರು ತೃಪ್ತಿಯಿಂದ ತಲೆದೂಗಿದರು. ಎರಡನೆಯದಕ್ಕೆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದ್ದೆ.

ಓಣಿಯ ಬಾಯಲ್ಲಿ ಬಾಂಬು ಸಿಡಿಯಿತು.

ಸದ್ದಿನ ಬಗ್ಗೆ ನಾನು ಹೇಳಲಾರೆ. ನೆಲ ಅಲುಗಿತು, ಗೋಡೆಯ ಸುಣ್ಣ ಉದುರಿತು, ಅಷ್ಟು ಗೊತ್ತು. ಅಂಗಡಿಗಳ ಶಟರುಗಳು ಒಂದರ ಹಿಂದೆ ಒಂದು ದಡದಡ ಬಿದ್ದವು. ನನ್ನ ಗಂಟಲು ತಾನಾಗಿ ಕೂಗುತ್ತಿತ್ತು. "ಕೂಡ್ರಿ, ಕೂಡ್ರಿ, ಎಲ್ಲಾರೂ ಕೂಡ್ರಿ." ಎರಡನೆಯದು ಸಿಡಿಯಿತು. ಮಕ್ಕಳು ಒಬ್ಬರ ಮೇಲೊಬ್ಬರು ಮುದುಡಿದರು. ಹೊಗೆ ಒಳಗೆ ಬಂತು. ಸುಬ್ಬರಾಯರು ಕುರ್ಚಿ ತಳ್ಳಿ ಓಡಿ ಬಂದು ಬಾಗಿಲು ಹಾಕಿ ಅಗಳಿ ಜಡಿದರು.

ಉಸಿರು ಬಂದ ಮೇಲೆ ನಾನು ಮಕ್ಕಳ ತಲೆಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಯಾರಿಗೂ ಏನೂ ಆಗಿರಲಿಲ್ಲ. ಬಾಗಿಲ ಪಕ್ಕದ ಜಾಗ ಖಾಲಿಯಿತ್ತು. ವೀಣಾಳ ಒಂದು ಚಪ್ಪಲಿ ಹೊಸ್ತಿಲ ಬಳಿ ಬಿದ್ದಿತ್ತು.

ಅದೇ ಓಣಿ, ಮಧ್ಯಾಹ್ನ

ಬಾಗಿಲು ತೆಗೆದು ಹೊರಗೆ ಕಾಲಿಟ್ಟೆ. ಹೊಗೆಯಲ್ಲಿ ಎದುರಿನ ಗೋಡೆ ಕಾಣುತ್ತಿರಲಿಲ್ಲ. "ವೀಣಾ" ಎಂದು ಕೂಗಿದೆ. ಅಷ್ಟರಲ್ಲಿ ಪೊಲೀಸರ ಗಾಡಿಗಳು ಎರಡೂ ತುದಿಗೆ ಬಂದು ನಿಂತವು. ಹೆಲ್ಮೆಟ್ಟಿನವನೊಬ್ಬ ಬಂದೂಕಿನ ತುದಿಯನ್ನು ನನ್ನತ್ತ ಆಡಿಸಿ, "ಅಂದರ್, ಅಂದರ್" ಎಂದ. ಹಿಂದಿ ನನಗೆ ಅಷ್ಟಕ್ಕಷ್ಟೆ. ಮಗು, ಹುಡುಗಿ, ಚಿಕ್ಕದು ಎಂದು ಕೈಸನ್ನೆ ಮಾಡಿ ಏನೇನೋ ಹೇಳಿದೆ. ಅವನಿಗೂ ಇಪ್ಪತ್ತೆರಡು-ಇಪ್ಪತ್ತಮೂರಕ್ಕಿಂತ ಹೆಚ್ಚಿರಲಾರದು. ಅವನ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಅವನು ನನ್ನನ್ನು ಒಳಗೆ ದೂಡಿ ಬಾಗಿಲು ಎಳೆದ.

ಆಮೇಲೆ ಕಿಟಕಿಯ ಸಂದಿಯಲ್ಲಿ ನೋಡುತ್ತ ನಿಂತೆ. ಮನೆಮನೆಯಿಂದ ಹುಡುಗರನ್ನು ಹೊರಗೆ ತಂದು, ಕೈಗಳನ್ನು ತಲೆಯ ಮೇಲಿಡಿಸಿ ಬಿಸಿಲಿನ ರಸ್ತೆಯಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಓಣಿಯ ಆ ತುದಿಯಲ್ಲಿ ಐತಾಳರು ಕಂಡರು. ಮಾರ್ಕೆಟ್ಟಿನ ಚೀಲ ಇನ್ನೂ ಕೈಯಲ್ಲೇ ಇತ್ತು. ಅಧಿಕಾರಿಯ ಮುಂದೆ ಅವರು ಏನೋ ಹೇಳುವುದು, ಅವನು ತಲೆ ಅಲ್ಲಾಡಿಸುವುದು, ಮತ್ತೆ ಅವರು ಹೇಳುವುದು ಕಾಣುತ್ತಿತ್ತು. ಅವರು ಮಗಳು ಈ ಕೋಣೆಯೊಳಗೆ ಕ್ಷೇಮವಾಗಿದ್ದಾಳೆ ಎಂದುಕೊಂಡಿದ್ದರು. ಇಲ್ಲ ಎಂದು ನಾನು ಇಲ್ಲಿಂದ ಹೇಗೆ ತಿಳಿಸುವುದು, ತಿಳಿಸಿ ಏನು ಮಾಡುವುದು ಎಂದು ತಿಳಿಯದೆ ಕಿಟಕಿಯ ಸರಳನ್ನು ಹಿಡಿದು ನಿಂತೆ.

ಮಕ್ಕಳು ಅಳಲು ಶುರುಮಾಡಿದರು. ಸುಬ್ಬರಾಯರು ಗಂಟಲು ಸರಿಮಾಡಿಕೊಂಡು, "ಪದ್ಯ ಹೇಳೋಣ, ಮಕ್ಕಳಾ. ಮೆಲ್ಲಗೆ" ಎಂದರು. ಮಕ್ಕಳು ಹೇಳಿದರು. ಹಸಿರು ಹೊಲ, ಸಂಜೆಯ ತಂಪು, ಮನೆಗೆ ಮರಳುವ ಕರು. ಕಣ್ಣೀರು ಸುರಿಯುತ್ತಲೇ ಇತ್ತು, ಬಾಯಿ ಮಾತ್ರ ಒಂದಕ್ಷರ ತಪ್ಪದೆ ಹೇಳುತ್ತಿತ್ತು. ಒಂದು ಪದ್ಯ ಮುಗಿದರೆ ಇನ್ನೊಂದು. ನಾನು ಎಷ್ಟೋ ವರ್ಷ ಇದನ್ನೇ ಕಲಿಸಿದವಳು. ಆ ಮಧ್ಯಾಹ್ನ ಮೊದಲ ಸಲ ಅದು ನನಗೆ ಕನ್ನಡವಾಗಿ ಕೇಳಲಿಲ್ಲ. ಖಾಲಿ ಡಬ್ಬಿಯ ಮೇಲೆ ಮಳೆ ಬಿದ್ದಂತೆ ಕೇಳಿತು.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿಗಳು ಹೊರಟವು. ಐತಾಳರು ಓಡಿ ಬಂದರು. ಅವರ ಹಿಂದೆ ಜಲಜಾಕ್ಷಿ, ಬರಿಗಾಲಲ್ಲಿ. ನಾನು ಹೇಳಬೇಕಾದದ್ದನ್ನು ಹೇಳಿದೆ. ಐತಾಳರು ಚೀಲವನ್ನು ನಿಧಾನವಾಗಿ ನೆಲಕ್ಕಿಟ್ಟರು. ಜಲಜಾಕ್ಷಿ ನನ್ನ ಮುಖವನ್ನೇ ನೋಡುತ್ತ, "ಎಂತ ಹೇಳ್ತ್ರಿ ಅಕ್ಕ? ಎಂತ ಹೇಳ್ತ್ರಿ?" ಎಂದು ಅಷ್ಟನ್ನೇ ಮತ್ತೆ ಮತ್ತೆ ಕೇಳಿದಳು.

ನಾವು ಮೂವರೂ ಓಣಿಗೆ ಇಳಿದೆವು. ಮನೆಮನೆಯ ಬಾಗಿಲು ತಟ್ಟಿದೆವು. ಯಾರೂ ತೆಗೆಯುತ್ತಿರಲಿಲ್ಲ, ಅಂದು ಬಾಗಿಲು ತಟ್ಟುವವರೆಂದರೆ ಒಂದೇ ಅರ್ಥ. ಕೊನೆಗೆ ಓಣಿಯ ತಿರುವಿನಲ್ಲಿ ಒಂದು ಬಾಗಿಲು ತಾನಾಗಿ ತೆರೆಯಿತು. ಬಿಳಿ ಸೀರೆಯ ಮುದುಕಿಯೊಬ್ಬರು ಹೊರಬಂದರು. ಅವರ ಸೆರಗು ಹಿಡಿದುಕೊಂಡು ವೀಣಾ ನಿಂತಿದ್ದಳು, ಒಂದೇ ಚಪ್ಪಲಿಯಲ್ಲಿ. ಹೊಗೆಯಲ್ಲಿ ಓಡುತ್ತಿದ್ದ ಮಗುವನ್ನು ಆಕೆ ಒಳಗೆಳೆದುಕೊಂಡು, ಇಷ್ಟು ಹೊತ್ತೂ ಮಂಚದ ಕೆಳಗೆ ತಾನೂ ಅವಳ ಜೊತೆ ಕೂತಿದ್ದರಂತೆ. "ಖೂಬ್ ಭೊಯ್ ಪೇಯೇಛೇ" ಎಂದರು, ಮಗು ಬಹಳ ಹೆದರಿದೆ ಎಂದು. ಹೆಸರು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ, ತಿನ್ನಲು ಕೊಟ್ಟ ಸಂದೇಶ್ ಮಿಠಾಯಿಯನ್ನು ಮುಟ್ಟಿರಲಿಲ್ಲ.

ಜಲಜಾಕ್ಷಿ ಮಗಳನ್ನು ತಬ್ಬಿಕೊಂಡು ರಸ್ತೆಯಲ್ಲೇ ಕೂತಳು. ಐತಾಳರು ಅವಳ ಎದುರು ಬಗ್ಗಿದರು. "ಎಂತಕ್ಕೆ ಓಡ್ದೆ, ಮಗಾ? ಎಲ್ಲರೂ ಒಳಗಿದ್ದ್ರಲ್ಲ."

ವೀಣಾ ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. ನನ್ನತ್ತ ಬೆರಳು ತೋರಿಸಿ, "ಟೀಚರ್ ಹೇಳಿದ್ರ್. ಓಡ್ರಿ, ಓಡ್ರಿ, ಎಲ್ಲಾರೂ ಓಡ್ರಿ ಅಂದ್ರ್. ನಾನ್ ಓಡ್ದೆ" ಎಂದಳು.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ನಾನು ಕೂಗಿದ್ದ ಮಾತನ್ನು ಮೆಲ್ಲಗೆ ಹೇಳಿ ನೋಡಿಕೊಂಡೆ. ಅವಳ ಮನೆಯಲ್ಲಿ 'ಕೂಕೊ' ಎನ್ನುತ್ತಾರೆ. ಅವಳ ಪುಸ್ತಕದಲ್ಲಿ 'ಕುಳಿತುಕೊ' ಎಂದಿದೆ. 'ಕೂಡ್ರಿ' ಎಂಬ ನನ್ನ ಊರಿನ ಮಾತನ್ನು ಆ ಮಗು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಸದ್ದಿನಲ್ಲಿ ಅವಳಿಗೆ ಗೊತ್ತಿದ್ದ ಮಾತೇ ಕಿವಿಗೆ ಬಿದ್ದಿತ್ತು. ಟೀಚರ್ ಹೇಳಿದಂತೆ ಅವಳು ಮಾಡಿದ್ದಳು.

ದಕ್ಷಿಣೇಶ್ವರ

ಮರುದಿನ ನಾನು ಐತಾಳರಿಗೆ ವಾಪಸು ಟಿಕೆಟ್ಟು ಮಾಡಿಸಿಕೊಡಿ ಎಂದೆ. ಅವರು ವಿಚಾರಿಸುತ್ತೇನೆ ಎಂದು ಬ್ಯಾಂಕಿಗೆ ಹೊರಟರು. ನನಗೆ ಆ ಊರಿನ ಪ್ರತಿ ಸದ್ದೂ ಮೈಗೆ ಚುಚ್ಚುತ್ತಿತ್ತು. ಟ್ರಾಮಿನ ಗಂಟೆಗೆ ಬೆಚ್ಚುತ್ತಿದ್ದೆ. ಮಧ್ಯಾಹ್ನ ಒಮ್ಮೆಗೇ ಕಪ್ಪು ಮೋಡ ಕವಿದು ಗುಡುಗಿದಾಗ ಅಡುಗೆಮನೆಯ ಮೂಲೆಗೆ ಹೋಗಿ ನಿಂತೆ. ವೀಣಾ ಕೂಡ ಅಲ್ಲೇ ಬಂದು ನನ್ನ ಪಕ್ಕ ನಿಂತಳು.

ಜಲಜಾಕ್ಷಿ ಮಗಳಿಗಾಗಿ ದಕ್ಷಿಣೇಶ್ವರಕ್ಕೆ ಹರಕೆ ಹೊತ್ತಿದ್ದಳು. ಆ ವಾರ ನನ್ನನ್ನೂ ಕರೆದುಕೊಂಡು ಹೋದಳು. ಬಸ್ಸು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ದಾರಿಯುದ್ದಕ್ಕೂ ಜನ ಕಿಟಕಿಯಾಚೆ ನೋಡದೆ ತಮ್ಮ ಮೊಣಕಾಲು ನೋಡಿಕೊಂಡು ಕೂತಿದ್ದರು. ನಾನೂ ಹಾಗೆಯೇ ಕೂತೆ. ಪೂಜೆ ಮುಗಿಸಿ ನದಿಯ ಮೆಟ್ಟಿಲಿಗೆ ಬಂದೆವು. ನಮ್ಮ ಕಡೆ ನದಿ ಎಂದರೆ ಬೇಸಿಗೆಯಲ್ಲಿ ಕಲ್ಲು ಕಾಣುವ ಹರಿವು. ಇಲ್ಲಿ ಗಂಗೆ ಮಣ್ಣಿನ ಬಣ್ಣದಲ್ಲಿ ತುಂಬಿಕೊಂಡು ಸದ್ದಿಲ್ಲದೆ ಹೋಗುತ್ತಿದ್ದಳು. ಆ ಮೌನಕ್ಕೂ ನನಗೆ ಹೆದರಿಕೆಯಾಯಿತು.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಅಕ್ಕ" ಎಂದಳು ಜಲಜಾಕ್ಷಿ. "ಒಂದ್ ಮಾತ್ ಹೇಳ್ಕ್ ಅಂತಿದ್ದೆ. ಹೋದ್ ವರ್ಷ ನಮ್ ಮಾವ ಊರಿಂದ ಬಂದಿದ್ರ್. ವೀಣನ ಹತ್ರ ದಿನಾ ಕತೆ ಹೇಳ್ತಿದ್ರ್. ಅವಳ್ ಎಲ್ಲದಕ್ಕೂ ಹೂಂ, ಹೂಂ. ಹೋಪ್ ದಿನ ಮಾವ ನನ್ ಹತ್ರ ಹೇಳಿದ್ರ್, ಮಗು ಬುದ್ಧಿವಂತೆ, ನಂಗೆ ಒಬ್ಬಳಾದ್ರೂ ಕೇಳುವವಳ್ ಸಿಕ್ಕಿದ್ಲ್ ಅಂದ್. ಅವಳಿಗೆ ಅರ್ಧಕ್ಕರ್ಧ ಅರ್ಥ ಆಗಿರ್ಲಿಲ್ಲ. ನಂಗೆ ಗೊತ್ತಿತ್ತ್. ಹೇಳ್ಲಿಲ್ಲ."

"ಗೊತ್ತಾಗಲಿಲ್ಲ ಅಂತ ಅವಳು ಯಾಕ ಹೇಳೂದಿಲ್ಲ?" ಎಂದು ಕೇಳಿದೆ.

"ಹೆದ್ರಿಕೆ. ಕ್ಲಾಸಲ್ಲಿ ಅರ್ಥ ಆಯ್ಲಿಲ್ಲ ಅಂದ್ರೆ ಪಾಠ ನಿಂತ್ ಹೋತ್ತಲೆ. ಮುಗಿಯುಕಿಲ್ಲ ಅಂತ ಎಲ್ಲರಿಗೂ ಸಿಟ್ಟ್ ಬತ್ತ್. ನಮ್ಮನೆಯವರಿಗೂ." ಅವಳು ನೀರಿನತ್ತ ನೋಡುತ್ತ ಹೇಳಿದಳು. "ನಂಗೆ ಅವಳ್ ಪುಸ್ತಕ ಮುಗ್ಸುದ್ ಬ್ಯಾಡ. ಬೀದಿಯಲ್ಲಿ ಒಂದ್ ಮಾತ್ ಕೂಗಿ ಹೇಳಿದ್ರೆ, ಅದ್ ಅವಳಿಗೆ ತಾಗ್ಕ್. ಅಷ್ಟ್ ಸಾಕ್."

ಟಿಕೆಟ್ಟಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಧೈರ್ಯ ಬಂದದ್ದಕ್ಕಲ್ಲ. ಹಾಗೆಯೇ ಹೊರಟುಹೋದರೆ ಧಾರವಾಡದಲ್ಲಿ ಇನ್ನೊಂದು ತರಗತಿಯ ಮುಂದೆ ನಿಂತು 'ಮುಗಿಯಿತೇ?' ಎಂದು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಕಸ್ಬಾ

ಸುಬ್ಬರಾಯರ ಮನೆ ಬಾಲಿಗಂಜಿನ ರೈಲು ಹಳಿಗಳಾಚೆ, ಕಸ್ಬಾದಲ್ಲಿತ್ತು. ಕೊಳ, ಬಿದಿರು ಮೆಳೆ, ನಡುನಡುವೆ ಹೊಸ ಮನೆಗಳು. ಶುಕ್ರವಾರ ಸಂಜೆಯೊಳಗೆ ಕೆಲವು ತಂದೆತಾಯಿಗಳು ಅಲ್ಲಿ ಸೇರಿದರು. ತರಗತಿ ಇನ್ನು ನಡೆಸುವುದೋ ಬೇಡವೋ ಎಂಬುದೇ ಮೊದಲ ಮಾತು. ಅರ್ಧ ಜನ ಬೇಡವೆಂದರು. ಅವರನ್ನು ತಪ್ಪು ಎನ್ನುವಂತಿರಲಿಲ್ಲ.

ನಾನು ಬರೆದುಕೊಂಡು ಹೋದದ್ದನ್ನು ಹೇಳಿದೆ. ಯಾವ ತಿಂಗಳು ಯಾವ ಪಾಠ ಎಂಬುದು ಅದರಲ್ಲಿ ಇರಲಿಲ್ಲ. ವರ್ಷದ ಕೊನೆಗೆ ಮಗುವಿಗೆ ಏನು ಅರ್ಥವಾಗಬೇಕು ಎಂಬುದನ್ನು ಮೊದಲು ಬರೆದಿದ್ದೆ. ಕೂಗಿ ಹೇಳಿದ ಎಚ್ಚರಿಕೆ. ಅಜ್ಜ ಹೇಳುವ ಕತೆ. ಬೇರೆ ಜಿಲ್ಲೆಯವರು ಮನೆಗೆ ಬಂದರೆ ಅವರ ಮಾತು. ಅದಕ್ಕೆ ಬೇಕಾದ ಪಾಠಗಳನ್ನಷ್ಟೇ ಉಳಿಸಿಕೊಂಡು ಅರ್ಧಕ್ಕಿಂತ ಹೆಚ್ಚನ್ನು ಕೈಬಿಟ್ಟಿದ್ದೆ. ಮೊದಲ ತಿಂಗಳು ಪುಸ್ತಕವೇ ಇಲ್ಲ. ಕುಂದಾಪುರದವರು, ಮೈಸೂರಿನವರು, ನಾನು, ಹೀಗೆ ಬೇರೆ ಬೇರೆಯವರು ಬಂದು ತಮ್ಮ ಮಾತಿನಲ್ಲಿ ಹೇಳುವುದು, ಮಕ್ಕಳು ಅದನ್ನು ಮಾಡಿ ತೋರಿಸುವುದು. ಪರೀಕ್ಷೆಯಲ್ಲಿ ಪದ್ಯ ಒಪ್ಪಿಸುವುದಿಲ್ಲ. ಹಿಂದೆ ಕೇಳದ ಒಂದು ಕತೆ ಹೇಳಿ, ಏನಾಯಿತು ಎಂದು ಕೇಳುವುದು. ಹಿಂದಿ, ಬಂಗಾಳಿ ಯಾವುದರಲ್ಲಾದರೂ ಮೊದಲು ಹೇಳಲಿ, ಆಮೇಲೆ ಕನ್ನಡಕ್ಕೆ ಬರೋಣ. ಮತ್ತು ಎಲ್ಲಕ್ಕಿಂತ ಮೊದಲ ಪಾಠ, 'ನನಗೆ ಅರ್ಥವಾಗಲಿಲ್ಲ' ಎಂದು ಕೈ ಎತ್ತುವುದು. ಕೈ ಎತ್ತಿದರೆ ಬಯ್ಯುವಂತಿಲ್ಲ, ಪಾಠ ನಿಲ್ಲಲಿ.

ಸುಬ್ಬರಾಯರು ನನ್ನ ಹಾಳೆ ತೆಗೆದುಕೊಂಡು ಕೊನೆಯವರೆಗೆ ಓದಿದರು. "ಕೋಪಿಸ್ಕೊಬೇಡಿಮ್ಮ" ಎಂದರು. "ಇಲ್ಲಿ ನಾವು ಇರೋವರೆಗೂ ಈ ಮಕ್ಕಳ ಮನೇಲಿ ಕನ್ನಡ ಇರುತ್ತೆ. ನಮ್ಮ ಕಾಲ ಆದ್ಮೇಲೆ? ನನಗೆ ಬಾಂಬಿಗಿಂತ ಅದರ ಭಯ ಜಾಸ್ತಿ. ಅದಕ್ಕೇ ಬಾಯಿಪಾಠ ಮಾಡ್ಸೋದು. ಅರ್ಥ ಇವತ್ತಲ್ಲದಿದ್ರೆ ನಾಳೆ ಆಗುತ್ತೆ. ಬಾಯಲ್ಲಿ ಇದ್ರೆ ತಾನೇ ಆಗೋದು?"

ನಾನೂ ಎಷ್ಟೋ ಪದ್ಯಗಳನ್ನು ಹಾಗೆಯೇ ಕಲಿತವಳು; ಅರ್ಥ ಆಮೇಲೆ ಬಂದದ್ದೂ ನಿಜ. ಆದರೆ ನನ್ನ ಸುತ್ತ ಇಡೀ ಊರು ಕನ್ನಡ ಮಾತಾಡುತ್ತಿತ್ತು. ಹಾಗೆಂದು ಹೇಳಿದೆ. ಐತಾಳರು ಬಾಗಿಲ ಬಳಿಯಿಂದ ಮುಂದೆ ಬಂದರು. "ನಮ್ಮ ವೀಣಾ ಬರ್ತಾಳೆ. ಅಕ್ಕ ಹೇಳಿದ ಹಾಗೆ ಒಂದು ಭಾನುವಾರ ನೋಡುವ" ಎಂದರು. ಆ ಮನುಷ್ಯ ಹಾಗೆಂದ ಮೇಲೆ ಯಾರೂ ಬೇಡ ಎನ್ನಲಿಲ್ಲ. ಬೇರೆ ಓಣಿಯಲ್ಲಿ, ಹಿಂಬದಿಯ ಕೋಣೆಯೊಂದನ್ನು ಗೊತ್ತುಮಾಡಿದರು.

ಮತ್ತೊಂದು ಭಾನುವಾರ

ಬೆಳಿಗ್ಗೆ ನಾನು ಆ ಕೋಣೆಯಲ್ಲಿ ಒಬ್ಬಳೇ ಕಾದೆ. ಯಾರೂ ಬರದಿರಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಬಂದರೆ ಅವರೆಲ್ಲರ ಜೀವ ಮತ್ತೆ ನನ್ನ ಕೈಯಲ್ಲಿ. ಆಮೇಲೆ ಓಣಿಯಲ್ಲಿ ಹೆಜ್ಜೆ ಸದ್ದು ಕೇಳಿತು. ದೊಡ್ಡವರೆಲ್ಲ ಒಟ್ಟಾಗಿ, ಮಕ್ಕಳನ್ನು ನಡುವೆ ಇಟ್ಟುಕೊಂಡು ನಡೆದು ಬರುತ್ತಿದ್ದರು. ಅರ್ಧದಷ್ಟು ಮಕ್ಕಳು ಬಂದರು. ವೀಣಾ ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಈ ಸಲ ತಂದೆತಾಯಿಗಳು ಮಾರ್ಕೆಟ್ಟಿಗೆ ಹೋಗಲಿಲ್ಲ, ಹೊರಗಿನ ಜಗಲಿಯಲ್ಲೇ ಕೂತರು.

ಮಕ್ಕಳಿಗೆ ಕೈ ಎತ್ತುವ ವಿಷಯ ಹೇಳಿದೆ. ನಂಬಿಕೆ ಬರಲೆಂದು ನನಗೆ ಅರ್ಥವಾಗದ ಒಂದು ಬಂಗಾಳಿ ಮಾತು ಹೇಳಿಸಿ ನಾನೇ ಮೊದಲು ಕೈ ಎತ್ತಿದೆ. ಅವರು ನಕ್ಕರು. ಆಮೇಲೆ ಎಂದಿನಂತೆ ಪ್ರಾರ್ಥನೆ. ಸುಬ್ಬರಾಯರು ತರಗತಿಗಾಗಿ ತಾವೇ ಕಟ್ಟಿದ ಸರಳವಾದ ಹಾಡು ಅದು. 'ಒಡೆಯನೆ ಬಾರೋ, ನಮ್ಮ ಮನೆಗೆ ಬಾರೋ' ಎಂದು ಶುರು. ಅವರೇ ಮುಂದೆ ನಿಂತು ಹೇಳಿಕೊಟ್ಟರು. ಎಲ್ಲರೂ ಹಾಡಿದರು. ಮಾಲಿನಿಯ ಬಾಯಿ ಮುಚ್ಚಿತ್ತು. ಎರಡನೆಯ ಸಾಲಿಗೆ ತೆರೆಯಿತು, ಮತ್ತೆ ಮೊದಲ ಸಾಲು ಬಂದಾಗ ಮುಚ್ಚಿತು. ತಾತ ಹುಬ್ಬು ಗಂಟಿಕ್ಕಿ ನೋಡಿದರು.

ಆಗ ಅವಳು ಕೈ ಎತ್ತಿದಳು. ಪೂರ್ತಿ ಎತ್ತಲಿಲ್ಲ, ಕಿವಿಯವರೆಗೆ.

"ಹೇಳು, ಮಾಲಿನಿ" ಎಂದೆ.

ಅವಳು ನನ್ನನ್ನು ನೋಡಲಿಲ್ಲ, ತಾತನನ್ನೂ ನೋಡಲಿಲ್ಲ. "ಒಡೆಯ ಅಂದ್ರೆ ಒಡೆಯೋನು, ಅಲ್ವಾ? ಪಾರ್ಕಲ್ಲಿ ಮೂರ್ತಿದು ತಲೆ ಒಡೆದೋರು. ರಾತ್ರಿ ಬರ್ತಾರಲ್ಲ, ಅವರು. ಅವರನ್ನ ನಮ್ಮನೆಗೆ ಯಾಕೆ ಕರೀಬೇಕು?"

ಆ ದಿನಗಳಲ್ಲಿ ಗೋಡೆಗಳ ಮೇಲೆ ಬರೆಯುತ್ತಿದ್ದ ಹುಡುಗರು ಊರಿನ ಪಾರ್ಕುಗಳಲ್ಲಿ ನಿಂತಿದ್ದ ದೊಡ್ಡವರ ಮೂರ್ತಿಗಳ ತಲೆ ಒಡೆಯುತ್ತಿದ್ದರು. ಅವಳು ಶಾಲೆಗೆ ಹೋಗುವ ದಾರಿಯಲ್ಲೇ ಅಂಥದೊಂದು ತಲೆಯಿಲ್ಲದೆ ನಿಂತಿತ್ತು ಎಂದು ಆಮೇಲೆ ಗೊತ್ತಾಯಿತು. ವಾರವಾರವೂ ಈ ಮಗು ಕೈಮುಗಿದು ನಿಂತು, ಒಡೆಯುವವರನ್ನು ಮನೆಗೆ ಕರೆಯುವ ಹಾಡನ್ನು ಕೇಳಿಸಿಕೊಂಡಿತ್ತು. ತಾನು ಆ ಸಾಲು ಹೇಳದಿದ್ದರೆ ಅವರು ತನ್ನ ಮನೆ ಒಂದನ್ನಾದರೂ ಬಿಟ್ಟಾರು ಎಂದುಕೊಂಡಿತ್ತು.

ಸುಬ್ಬರಾಯರು ಇಸ್ತ್ರಿಯ ಪಂಚೆಯನ್ನು ಲೆಕ್ಕಿಸದೆ ಮೊಮ್ಮಗಳ ಮುಂದೆ ಚಾಪೆಯ ಮೇಲೆ ಕೂತರು.

"ಯಾವಾಗಿಂದ ಹಾಗಂದ್ಕೊಂಡಿದ್ದೀಯಮ್ಮ?"

"ಮೊದಲಿಂದ."

"ನನ್ನ ಹತ್ರ ಯಾಕೆ ಕೇಳಲಿಲ್ಲ?"

"ಹಾಡು ನಿಂತುಹೋಗುತ್ತಲ್ಲ."

ದೂರದಲ್ಲೆಲ್ಲೋ ಒಂದು ಸದ್ದಾಯಿತು. ಟೈರೋ, ಬೇರೆ ಏನೋ. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಜಗಲಿಯಲ್ಲಿ ಐತಾಳರು ಎದ್ದು ನಿಂತು, ಓಣಿ ನೋಡಿ, ಏನಿಲ್ಲ ಎಂದು ಕೈ ಆಡಿಸಿ ಮತ್ತೆ ಕೂತರು.

ಸುಬ್ಬರಾಯರು ಮೊಮ್ಮಗಳ ಕೈ ಹಿಡಿದುಕೊಂಡೇ ಇದ್ದರು. "ಒಡೆಯ ಅಂದ್ರೆ ಯಜಮಾನ ಕಣಮ್ಮ. ಮನೆ ಕಾಯೋನು, ನಮ್ಮನ್ನ ನೋಡ್ಕೊಳ್ಳೋನು."

"ಏನೂ ಒಡೆಯಲ್ವಾ?"

"ಏನೂ ಒಡೆಯಲ್ಲ."

"ಗ್ಯಾರಂಟಿ?"

"ಗ್ಯಾರಂಟಿ."

ಹಿಂದಿನಿಂದ ವೀಣಾ ಕೈ ಎತ್ತಿದಳು. ಕಾಯೋನು ಅಂದರೆ ನೀರು ಕಾಯಿಸುವವನೇ ಎಂದು ಕೇಳಿದಳು. ಇನ್ನೊಬ್ಬ ಹುಡುಗ, ಯಜಮಾನ ಅಂದರೆ ಅಪ್ಪನೋ ಬ್ಯಾಂಕಿನ ಮ್ಯಾನೇಜರೋ ಎಂದ. ಸುಬ್ಬರಾಯರು ಒಬ್ಬೊಬ್ಬರಿಗೂ ಉತ್ತರ ಕೊಡುತ್ತ ಹೋದರು. ಗೊತ್ತಿಲ್ಲದ ಕಡೆ ಜಗಲಿಯಲ್ಲಿದ್ದ ಜಲಜಾಕ್ಷಿಯನ್ನು, ನಿಮ್ಮ ಕಡೆ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದರು. ನಾನು ಗೋಡೆಗೆ ಒರಗಿ ಕೇಳುತ್ತ ನಿಂತೆ. ತಂದಿದ್ದ ಪಾಠ ನನ್ನ ಚೀಲದಲ್ಲೇ ಉಳಿಯಿತು.

ಬಿಸಿಲೇರುವ ಮೊದಲು ಮನೆ ಸೇರಬೇಕಾಗಿತ್ತು. ಶುಕ್ರವಾರ ತರಗತಿ ಬೇಡ ಎಂದು, ಆಮೇಲೆ ಮಗನನ್ನು ಹೆಂಡತಿಯ ಜೊತೆ ಕಳಿಸಿದ್ದವರೊಬ್ಬರು ಅವಸರದಲ್ಲಿ ಅವನನ್ನು ಕರೆದೊಯ್ಯಲು ಬಂದು, ಬಾಗಿಲಲ್ಲೇ ನಿಂತು ಕೇಳಿದರು. "ಇವತ್ತು ಎಷ್ಟು ಪಾಠ ಆಯ್ತು, ರಾಯರೆ?"

ಸುಬ್ಬರಾಯರು ಚಾಪೆಯಿಂದ ಏಳಲು ಮೊಮ್ಮಗಳ ಭುಜ ಹಿಡಿದುಕೊಂಡಿದ್ದರು. ಏಳುವುದನ್ನು ಅರ್ಧಕ್ಕೆ ನಿಲ್ಲಿಸಿ ಯೋಚಿಸಿದರು.

"ಒಂದು ಸಾಲು" ಎಂದರು. "ಅದರಲ್ಲೂ 'ಬಾರೋ' ಇನ್ನೂ ಬಾಕಿ ಇದೆ."